ಗೋಡೆ ಗಡಿಯಾರದ ಮೇಲೆ ಮೆಂತ್ಯದ ಮೊಳಕೆ: ಬಾಹ್ಯಾಕಾಶದ ಬೇರನ್ನು ಮನೆಯಲ್ಲಿ ಅರಿಯುವ ಬಗೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವರು ಸಾಮಾನ್ಯವಾಗಿ ಆರು ತಿಂಗಳು ಅಲ್ಲಿರುತ್ತಾರೆ. ಅಮೆರಿಕದ ಗಗನಯಾತ್ರಿ ಫ್ರಾಂಕ್ ರೂಬಿಯೊ 2022–23ರಲ್ಲಿ 371 ದಿನ ಇದ್ದು ಬಂದರು. ಕೂಡಿಟ್ಟ ಆಹಾರದಲ್ಲಿ ಸಿ ಜೀವಸತ್ವ ಕಾಲ ಕಳೆದಂತೆ ಕುಂದುವುದರಿಂದ ಅಷ್ಟು ದಿನ ಇರುವವರಿಗೆ ತಾಜಾ ಹಸಿರು ಬೇಕಾಗುತ್ತದೆ. ಮಣ್ಣಿಲ್ಲದೆ ಎರಡು ಮೂರು ದಿನಗಳಲ್ಲಿ ಕೈಗೆ ಬರುವ ಮೊಳಕೆಕಾಳು ಅಲ್ಲಿ ಹೇಗೆ ಬೆಳೆಯುತ್ತದೆ ಎಂದು ಅರಿಯುವ ಪ್ರಯೋಗವನ್ನು ರೂಪಿಸಿದವರು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. 2025ರ ಜೂನ್ 25ರಂದು ಹೊರಟ ಆಕ್ಸಿಯಂ-4 ಯಾನದಲ್ಲಿ ಮೆಂತ್ಯ ಮತ್ತು ಹೆಸರುಕಾಳು ಮೇಲೆ ಹೋದವು, ಅದರಲ್ಲಿದ್ದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಅವುಗಳಿಗೆ ನೀರುಣಿಸಿ ಮೊಳಕೆ ಬರಿಸಿದರು.

ಆ ಪ್ರಯೋಗದ ಹಿಂದಿರುವ ಒಂದು ಪ್ರಶ್ನೆಯನ್ನು ಹುಬ್ಬಳ್ಳಿ–ಧಾರವಾಡದ ಯಾವುದೇ ಮನೆಯಲ್ಲಿ, ಪ್ರೌಢಶಾಲೆಯ ಮಕ್ಕಳೊಂದಿಗೆ, ಕಣ್ಣಾರೆ ನೋಡಬಹುದು: ಕೆಳಗು ಯಾವುದೆಂದು ತಿಳಿಯದಿದ್ದಾಗ ಬೇರು ಎತ್ತ ಹೋಗುತ್ತದೆ? ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳು ತಳಕ್ಕೆ ಕೂಡುತ್ತವೆ, ಅವು ಕೂಡಿದ ಕಡೆಯೇ ಬೇರಿಗೆ ಕೆಳಗು. ಮೊಳಕೆಯನ್ನು ನಿಧಾನವಾಗಿ ತಿರುಗಿಸುತ್ತಲೇ ಇದ್ದರೆ ಆ ಕಣಗಳು ಒಂದು ಕಡೆ ನೆಲೆ ನಿಲ್ಲಲಾರವು. ಹೀಗೆ ತಿರುಗಿಸುವ ಸಾಧನಕ್ಕೆ ಕ್ಲಿನೋಸ್ಟಾಟ್ ಎಂದು ಹೆಸರು. ನಿಮಿಷಕ್ಕೊಂದು ಸುತ್ತು ಹಾಕುವ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಆ ಕೆಲಸಕ್ಕೆ ಸಾಕು.

ಮೆಂತ್ಯವನ್ನು ಕಿರಾಣಿ ಅಂಗಡಿಯಿಂದಲೇ ತನ್ನಿ. ಬಿತ್ತನೆಯ ಬೀಜಕ್ಕೆ ಔಷಧಿ ಲೇಪಿಸಿರುವ ಸಂಭವವಿರುವುದರಿಂದ ಅದು ಬೇಡ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇರು ಅಕ್ಕಿಕಾಳಿನ ಅರ್ಧದಷ್ಟು ಉದ್ದವಾದಾಗ, ನೆಟ್ಟಗಿರುವ ಎಂಟು ಕಾಳುಗಳನ್ನು ಆರಿಸಿಕೊಳ್ಳಿ.

ಇಡೀ ಪ್ರಯೋಗ ನಿಂತಿರುವುದು ತಿರುಗುವ ಬಿಲ್ಲೆಯ ಮೇಲೆ. ಗಡಿಯಾರದ ಯಂತ್ರಕ್ಕೆ ಬಲ ಬಹಳ ಕಡಿಮೆ. ನಾನು ಮೊದಲ ಸಲ ಡಬ್ಬಿಯ ಮುಚ್ಚಳವನ್ನೇ ಅಂಟಿಸಿದ್ದೆ; ರಾತ್ರಿ ಯಾವಾಗಲೋ ಮುಳ್ಳು ನಿಂತು, ಬೇರುಗಳೆಲ್ಲ ನೆಲದ ಕಡೆಗೆ ಬಾಗಿದ್ದವು. ಆದ್ದರಿಂದ ಹಳೆಯ ಫೈಲಿನ ತೆಳು ಪ್ಲಾಸ್ಟಿಕ್ ಹೊದಿಕೆಯಿಂದ ಐದು ಸೆಂಟಿಮೀಟರ್ ಅಗಲದ ಎರಡು ಬಿಲ್ಲೆಗಳನ್ನು ಕತ್ತರಿಸಿ (ರಟ್ಟು ನೀರು ಕುಡಿದು ಭಾರವಾಗುತ್ತದೆ), ಪ್ರತಿಯೊಂದರ ಮೇಲೆ ಒಂದೇ ಪದರ ಒದ್ದೆ ಟಿಶ್ಯೂ ಹಾಸಿ, ನಾಲ್ಕು ಕಾಳುಗಳನ್ನು ನಡುವಿನ ಹತ್ತಿರ, ಬೇರು ಹೊರಮುಖವಾಗುವಂತೆ ಎದುರುಬದುರಾಗಿ ಇಟ್ಟು, ತೆಳು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿ. ನಡುವೆ ಗುಂಡುಸೂಜಿ ಚುಚ್ಚಿ ಬಿಲ್ಲೆಯನ್ನು ತಿರುಗಿಸಿ ನೋಡಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಎದುರು ಬದಿಗೆ ಅಂಟುಪಟ್ಟಿಯ ಚೂರು ಹಚ್ಚಿ ತೂಕ ಸರಿದೂಗಿಸಿ. ಈ ಕೆಲಸಕ್ಕೆ ಆತುರ ಬೇಡ.

ಗಡಿಯಾರದ ಗಾಜನ್ನೂ ಗಂಟೆ, ನಿಮಿಷದ ಮುಳ್ಳುಗಳನ್ನೂ ತೆಗೆದು, ಒಂದು ಬಿಲ್ಲೆಯ ನಡುವನ್ನು ಸೆಕೆಂಡ್ ಮುಳ್ಳಿನ ನಡುವಿಗೆ ಸರಿಯಾಗಿ ಅಂಟಿಸಿ, ಹೊಸ ಸೆಲ್ ಹಾಕಿ ಗೋಡೆಗೆ ತೂಗುಹಾಕಿ. ಇನ್ನೊಂದು ಬಿಲ್ಲೆಯನ್ನು ಪಕ್ಕದ ಗೋಡೆಗೆ ಹಾಗೆಯೇ ನೆಟ್ಟಗೆ ಅಂಟಿಸಿ. ಬೆಳಕಿನಿಂದಲೂ ಮೊಳಕೆ ಬಾಗುವುದರಿಂದ ಎರಡನ್ನೂ ಖಾಲಿ ಪೆಟ್ಟಿಗೆಯಿಂದ ಮುಚ್ಚಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಟಿಶ್ಯೂ ಬೇಗ ಒಣಗುತ್ತದೆ. ಜಿಟಿಜಿಟಿ ಮಳೆಯ ಜುಲೈನಲ್ಲಿ ಬೂಷ್ಟು ಬರಬಹುದಾದ್ದರಿಂದ ಎರಡನೆಯ ದಿನದೊಳಗೆ ಮುಗಿಸುವುದು ಒಳ್ಳೆಯದು.

ಮೂರು ಗಂಟೆಗೊಮ್ಮೆ ಪೆಟ್ಟಿಗೆ ಸರಿಸಿ ಫೋಟೊ ತೆಗೆದುಕೊಳ್ಳಿ. ನಿಂತ ಬಿಲ್ಲೆಯಲ್ಲಿ ನಾಲ್ಕೂ ಬೇರುಗಳು ನೆಲದ ಕಡೆಗೆ ತಿರುಗುತ್ತವೆ, ತಿರುಗುವ ಬಿಲ್ಲೆಯಲ್ಲಿ ಅವು ಹೊರಟ ದಿಕ್ಕನ್ನೇ ಹಿಡಿಯುತ್ತವೆ ಅಥವಾ ಎತ್ತೆತ್ತಲೋ ಅಲೆಯುತ್ತವೆ.

ಇಲ್ಲಿ ಮಕ್ಕಳಿಗೆ ಒಂದು ಮಾತನ್ನು ತಪ್ಪದೆ ಹೇಳಬೇಕು. ಗಡಿಯಾರ ಗುರುತ್ವವನ್ನು ತೆಗೆಯುವುದಿಲ್ಲ, ಅದರ ದಿಕ್ಕನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ, ಅಷ್ಟೆ. ಸುಮಾರು 400 ಕಿಲೋಮೀಟರ್ ಎತ್ತರದ ನಿಲ್ದಾಣದಲ್ಲಿಯೂ ನೆಲದ ಗುರುತ್ವದ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇದೆ. ನಿಲ್ದಾಣ, ಅದರೊಳಗಿನ ಜನ, ಕಾಳು ಎಲ್ಲವೂ ಭೂಮಿಯ ಸುತ್ತ ಒಟ್ಟಾಗಿ ಬೀಳುತ್ತಲೇ ಇರುವುದರಿಂದ ಅಲ್ಲಿ ತೂಕ ತಿಳಿಯುವುದಿಲ್ಲ. ಹೆಸರುಕಾಳಿನಿಂದ ಮಾಡುವುದಾದರೆ ಅದು ಮೆಂತ್ಯಕ್ಕಿಂತ ಭಾರ, ಬಿಲ್ಲೆಗೆ ಎದುರುಬದುರಾಗಿ ಎರಡೇ ಕಾಳು ಇಡಿ.