ಒಂದೇ ಗುಡ್ಡಕ್ಕೆ ಹನ್ನೊಂದು ಸಲ

"ಅತ್ತಿಗೆ, ಮತ್ತೆ ಅದೇ ಗುಡ್ಡಾನಾ? ಅಲ್ಲೇನು ಗಂಟು ಹೂತಿಟ್ಟಿದ್ದೀರಾ?" ಅಂತ ಮೈದುನ ಕೇಳಿದ್ದು ನಾವು ನಾಲ್ಕನೇ ಸಲ ಹೊರಟಾಗ. ಏಳನೇ ಸಲದ ಹೊತ್ತಿಗೆ ಕೇಳುವುದು ಬಿಟ್ಟ. ಹನ್ನೊಂದನೇ ಸಲಕ್ಕೆ ಹೆಂಡತಿ, ಇಬ್ಬರು ಮಕ್ಕಳ ಸಮೇತ ನಮ್ಮ ಹಿಂದೆಯೇ ಬಂದ. ಆ ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಮಳೆ ಬಿಡಲಿಲ್ಲ. ಎಂಟೂ ಜನ ಒಣ ಬಟ್ಟೆಯಲ್ಲೇ ಮಲಗಿ ಒಣ ಬಟ್ಟೆಯಲ್ಲೇ ಎದ್ದೆವು. ಅದಕ್ಕೇ ಈಗ ಇದನ್ನು ಬರೆಯುವ ಧೈರ್ಯ ಬಂದಿದೆ.

ಟೆಂಟ್ ಹೊಡೆಯುವುದು, ಬ್ಯಾಗ್ ತುಂಬುವುದು ನಿಮಗೆಲ್ಲ ಗೊತ್ತು, ಅದಕ್ಕೆ ಕೈ ಹಾಕುವುದಿಲ್ಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ವರ್ಷವಿಡೀ ಕ್ಯಾಂಪಿಂಗ್ ಮಾಡಬೇಕಾದರೆ ಸಲಕ್ಕೊಂದು ಹೊಸ ಜಾಗ ಹುಡುಕಬಾರದು, ಒಂದೇ ಜಾಗಕ್ಕೆ ಎಲ್ಲ ಕಾಲದಲ್ಲೂ ಹೋಗಬೇಕು ಅನ್ನುವುದು ನನ್ನ ವಾದ. ಇದನ್ನು ಹೇಳಿದಾಗ ನಕ್ಕವರೇ ಹೆಚ್ಚು. ಮಕ್ಕಳಿಗೆ ಬೇಜಾರಾಗುತ್ತೆ ಅಂದರು. ನಮ್ಮವರೂ ಅಂದರು, ಆಮೇಲೆ ಸುಮ್ಮನಾದರು.

ಮೊದಲ ವರ್ಷ ನಾವೂ ಎಲ್ಲರಂತೆಯೇ. ಮೂರು ಪ್ರವಾಸ, ಮೂರು ಜಾಗ, ಮೂರೂ ಎಕ್ಕುಟ್ಟಿಹೋದವು. ಆಗ ಮಗಳಿಗೆ 9, ಮಗನಿಗೆ 5. ಬೇಸಿಗೆಗೆಂದು ಆರು ಜನರ ಟೆಂಟ್ ತಂದೆವು, ಒಳಗೆ ನಿಂತುಕೊಂಡೇ ಬಟ್ಟೆ ಬದಲಿಸಬಹುದು ಅಂತ ನನ್ನದೇ ಆಸೆ. ತೂಕ ಒಂಬತ್ತು ಕೆಜಿ ಚಿಲ್ಲರೆ. ಅದನ್ನು ಹೊತ್ತು ಮೂರು ಕಿಲೋಮೀಟರ್ ಹತ್ತಿದ ನಮ್ಮವರು ಮರುದಿನ ಸೊಂಟ ಹಿಡಿದುಕೊಂಡು ಇಳಿದರು.

ಮಳೆಗಾಲದಲ್ಲಿ ಇನ್ನೊಂದು ಕಡೆ. ನೆಲ ಸಮತಟ್ಟಾಗಿದೆ, ಮೆತ್ತಗಿದೆ ಅಂತ ಹಿಗ್ಗಿ ಅಲ್ಲೇ ಟೆಂಟ್ ಹೊಡೆದೆವು. ಅದು ಮೇಲಿನ ಇಳಿಜಾರಿನ ನೀರೆಲ್ಲ ಬಂದು ನಿಲ್ಲುವ ತಗ್ಗು ಅಂತ ರಾತ್ರಿ ಹನ್ನೊಂದಕ್ಕೆ ಗೊತ್ತಾಯಿತು. ಸಾಲದ್ದಕ್ಕೆ ಜಾಣತನ ಮಾಡಿ ಟೆಂಟಿನ ಕೆಳಗೆ ಹಾಸುವ ಗ್ರೌಂಡ್‌ಶೀಟನ್ನು ಟೆಂಟಿಗಿಂತ ಒಂದು ಗೇಣು ಅಗಲ ಹಾಸಿದ್ದೆ. ಹೊರಗೆ ಚಾಚಿದ ಅಂಚು ಟೆಂಟಿನ ಮೇಲೆ ಹೊದಿಸುವ ರೇನ್‌ಫ್ಲೈಯಿಂದ ಸುರಿದ ನೀರನ್ನು ಹಿಡಿಹಿಡಿದು ನಮ್ಮ ಬೆನ್ನ ಕೆಳಗೇ ತಂದುಬಿಟ್ಟಿತು. ಈಗ ಶೀಟಿನ ನಾಲ್ಕೂ ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಚುತ್ತೇನೆ.

ಚಳಿಗಾಲದ್ದಂತೂ ಕೇಳಲೇಬೇಡಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿ 0 ಡಿಗ್ರಿ ಅಂತಿತ್ತು. ರಾತ್ರಿ ಮೂರೋ ನಾಲ್ಕೋ ಡಿಗ್ರಿ ತಾನೇ ಅಂತ ನಿಶ್ಚಿಂತೆಯಾಗಿ ಹೋದೆವು. ಎರಡು ಗಂಟೆಗೆ ಮಗ "ಅಮ್ಮಾ, ನೆಲ ಕಚ್ತಾ ಇದೆ" ಅಂತ ಎದ್ದು ಕೂತ. ಕಾರು ಹತ್ತಿರವಿದ್ದದ್ದು ಪುಣ್ಯ, ಬೆಳಗಿನವರೆಗೆ ಅದರೊಳಗೆ ಒಬ್ಬರ ಮೇಲೊಬ್ಬರು. ಮನೆಗೆ ಬಂದು ಲೇಬಲ್ ಸರಿಯಾಗಿ ಓದಿದರೆ ಆ 0 'ಲಿಮಿಟ್' ಅಂಕಿ. ಅಂದರೆ ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ಹೆಂಗಸರಿಗೆ ಹಿತವಾಗುವ 'ಕಂಫರ್ಟ್' ಅಂಕಿ ಅದಕ್ಕಿಂತ ಐದು ಡಿಗ್ರಿ ಮೇಲಿತ್ತು, ಅದೂ ಇರುವೆಯಂಥ ಅಕ್ಷರದಲ್ಲಿ. ಎರಡೂ ದೊಡ್ಡವರ ಮೈಗೆ ಹಾಕಿದ ಲೆಕ್ಕ. ಮಕ್ಕಳ ಕೆಳಗಿದ್ದ ಮ್ಯಾಟು ಬೇರೆ ತೆಳುವಾದದ್ದು. ಬ್ಯಾಗಿನ ಕೆಳಭಾಗ ಮೈಭಾರಕ್ಕೆ ಅಮುಕಿಹೋದ ಮೇಲೆ ನೆಲದ ಚಳಿ ತಡೆಯುವುದು ಮ್ಯಾಟೊಂದೇ. ಮಗ ಹೇಳಿದ್ದು ಅಕ್ಷರಶಃ ನಿಜ.

ಆ ವರ್ಷ ಸುರಿದ ದುಡ್ಡನ್ನು 100 ಅಂದುಕೊಳ್ಳಿ. ಅದರಲ್ಲಿ 70ರಷ್ಟು ಸಾಮಾನಿಗೇ ಹೋಯಿತು, ಆ ಸಾಮಾನಿನಲ್ಲಿ ಅರ್ಧಕ್ಕರ್ಧ ಇವತ್ತು ಮನೆಯಲ್ಲಿಲ್ಲ. ಹೊಟ್ಟೆ ಉರಿಸಿದ್ದು ಮಕ್ಕಳ ಬೂಟು. ಇಬ್ಬರಿಗೂ ಚರ್ಮದ ಚಾರಣದ ಬೂಟು ಕೊಡಿಸಿದೆ. ಮಗ ಎರಡು ಸಲ ಹಾಕಿದ, ಐದು ತಿಂಗಳಿಗೆ ಹೆಬ್ಬೆರಳು ಮುಂದಕ್ಕೆ ತಾಗಿತು. ಈಗ ಮಕ್ಕಳಿಗೆ ಹಿಡಿತವಿರುವ ಮಾಮೂಲಿ ಸ್ಪೋರ್ಟ್ಸ್ ಶೂ, ಜತೆಗೆ ತಲಾ ಮೂರು ಜೊತೆ ಉಣ್ಣೆಯ ಕಾಲುಚೀಲ. ಬೂಟಿನ ದುಡ್ಡಿನಲ್ಲಿ ಎರಡು ಒಳ್ಳೇ ಮ್ಯಾಟ್ ಬರುತ್ತಿತ್ತು ಅಂತ ಇವತ್ತಿಗೂ ಸಂಕಟ.

ಎರಡನೇ ವರ್ಷ ಜಾಗ ಆರಿಸುವಾಗ ನೋಟ ನೋಡಲಿಲ್ಲ. ಮನೆಯಿಂದ ಎರಡು ಗಂಟೆಯೊಳಗಿನ ದಾರಿ, ರಾತ್ರಿ ತಂಗಲು ಅನುಮತಿ, ಬೇಸಿಗೆಯಲ್ಲೂ ಪೂರ್ತಿ ಬತ್ತದ ತೊರೆ, ಬೇರೆಬೇರೆ ಎತ್ತರದಲ್ಲಿ ಟೆಂಟ್ ಹಿಡಿಸುವ ಮೂರು ತಟ್ಟು. ಇವಿಷ್ಟೇ ನೋಡಿದ್ದು. ಬುಡದಿಂದ ನೆತ್ತಿಗೆ ನಾಲ್ಕು ಕಿಲೋಮೀಟರ್ ದಾರಿ, ಸುಮಾರು 450 ಮೀಟರ್ ಏರು. ಗುಡ್ಡ ಯಾವುದು ಅಂತ ಕೇಳಬೇಡಿ. ಹೇಳಿದರೆ ಮುಂದಿನ ಸಲ ನನಗೇ ಜಾಗ ಸಿಗುವುದಿಲ್ಲ.

ಗುಡ್ಡ ಹತ್ತಲು ಎಷ್ಟು ಹೊತ್ತು ಬೇಕು ಅಂತ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಒಂದು ಲೆಕ್ಕ ಕೊಟ್ಟ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ನಮ್ಮ ಗುಡ್ಡಕ್ಕೆ ಒಂದೂವರೆ ಗಂಟೆಯ ಮೇಲೆ ಮೂರು ನಿಮಿಷ ಸಾಕು. ಮೊದಲ ಸಲ ನಮಗೆ ಹಿಡಿದದ್ದು ಮೂರೂಮುಕ್ಕಾಲು. ನಾನು ಬೇಸರಪಡುವ ಬದಲು ಭಾಗಿಸಿ ನೋಡಿದೆ, 2.4 ಬಂತು. ನಮ್ಮ ಮನೆಯ ಗುಣಕ ಅಂತ ಅದನ್ನೇ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದೆ. ಒಂದೇ ದಾರಿ ಹಿಡಿಯುವುದರ ಲಾಭ ಇಲ್ಲಿದೆ. ದಾರಿ ಬದಲಾಗದಿದ್ದರೆ ಬದಲಾಗುವುದು ಕಾಲ ಮತ್ತು ಮಕ್ಕಳು ಮಾತ್ರ. ಬಿಸಿಲಲ್ಲಿ ಗುಣಕ 2.6, ಮಳೆಯಲ್ಲಿ 2.2, ಚಳಿಯಲ್ಲಿ 1.8ರ ಆಸುಪಾಸು. ಮಳೆಗಿಂತ ಬಿಸಿಲೇ ನಿಧಾನ ಅಂದರೆ ಯಾರೂ ನಂಬುವುದಿಲ್ಲ, ನೆರಳು ಕಂಡಲ್ಲೆಲ್ಲ ಕೂರುವ ಐದು ವರ್ಷದವನನ್ನು ಕರೆದುಕೊಂಡು ಹೋಗಿ ನೋಡಿ.

ಈ ಅಂಕಿ ಕೈಗೆ ಬಂದ ಮೇಲೆ ಪ್ಲಾನ್ ಮಾಡುವುದು ಹಿಂದಿನಿಂದ ಮುಂದಕ್ಕೆ. ಚಳಿಗಾಲದಲ್ಲಿ ಪೌಣೇ ಆರಕ್ಕೆ ಹೊತ್ತು ಮುಳುಗುತ್ತದೆ ಅನ್ನಿ. ಅದಕ್ಕೆ ಎರಡು ಗಂಟೆ ಮೊದಲೇ ನಾವು ಮೇಲಿರಬೇಕು. ಹತ್ತಲು ಎರಡೂಮುಕ್ಕಾಲು ಗಂಟೆ. ಹಾಗಾದರೆ ಮಧ್ಯಾಹ್ನ ಒಂದರೊಳಗೆ ಬುಡ ಬಿಟ್ಟಿರಬೇಕು. ತಡವಾಯಿತೋ, ವಾದವಿಲ್ಲ, ಕೆಳಗಿನ ತಟ್ಟಿನಲ್ಲೇ ಟೆಂಟ್. ಮೂರು ತಟ್ಟು ಬೇಕು ಅಂದದ್ದು ಇದಕ್ಕೇ. ತಾರೀಕನ್ನು ಹುಣ್ಣಿಮೆಗೆ ಎರಡು ದಿನ ಮೊದಲು ಇಟ್ಟುಕೊಳ್ಳುತ್ತೇನೆ. ಹುಣ್ಣಿಮೆಯ ಚಂದ್ರ ಹೊತ್ತು ಮುಳುಗುವಾಗ ಹುಟ್ಟಿದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಕತ್ತಲಾಗುವ ಮೊದಲೇ ಮೇಲೆ ಬಂದಿರುತ್ತಾನೆ. ಮಕ್ಕಳು ಹೆಡ್‌ಲ್ಯಾಂಪ್‌ಗೆ ಜಗಳ ಆಡುವುದಿಲ್ಲ.

ಮಳೆ ಶುರುವಾಗುವ ಮುಂಚಿನ ವಾರಗಳಲ್ಲಿ ಮಾತ್ರ ಲೆಕ್ಕ ಬೇರೆ, ಗುಡುಗು ಬರುವುದೇ ಮಧ್ಯಾಹ್ನದ ಮೇಲೆ. ಆಗ ನಸುಕಿನಲ್ಲಿ ಹತ್ತಿ ಹನ್ನೆರಡರೊಳಗೆ ನೆತ್ತಿಯಿಂದ ಇಳಿದುಬಿಡುತ್ತೇವೆ. ಮಿಂಚು ಕಂಡ ಕೂಡಲೇ ಮಗಳು ಎಣಿಸುತ್ತಾಳೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಸದ್ದು ಕೇಳಿದರೆ ಇಳಿಯುವುದೇ, ಕೊನೇ ಗುಡುಗಿನ ಮೇಲೆ ಅರ್ಧ ಗಂಟೆ ಮತ್ತೆ ಹತ್ತುವ ಮಾತಿಲ್ಲ. ಐದನೇ ಸಲ ನೆತ್ತಿ ಇನ್ನೂರು ಹೆಜ್ಜೆ ಇರುವಾಗ ಇಳಿದೆವು. ಇವರು ಮನೆಯವರೆಗೂ ಮಾತಾಡಲಿಲ್ಲ.

ಚಳಿಗಾಲದ ಪ್ರಯೋಗವೊಂದನ್ನು ಹೇಳಲೇಬೇಕು. ಮೇಲೆ ಹೋದಷ್ಟೂ ಚಳಿ, ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಅಂತ ಎಲ್ಲರೂ ಓದಿದ್ದೇ. ಹಾಗಂತ ಮೊದಲು ತೊರೆಯ ಪಕ್ಕದ ಕೆಳತಟ್ಟಿನಲ್ಲೇ ಮಲಗುತ್ತಿದ್ದೆವು. ಒಂದು ರಾತ್ರಿ ಎರಡು ಥರ್ಮಾಮೀಟರ್ ತಗೊಂಡು ಒಂದನ್ನು ತೊರೆಯ ಹತ್ತಿರ, ಇನ್ನೊಂದನ್ನು ಅದಕ್ಕಿಂತ ಅರವತ್ತು ಮೀಟರ್ ಮೇಲಿನ ತಟ್ಟಿನಲ್ಲಿ ಕೊಂಬೆಗೆ ಕಟ್ಟಿದೆ. ಬೆಳಿಗ್ಗೆ ಕೆಳಗಿನದು 3, ಮೇಲಿನದು 7. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ತಣ್ಣನೆ ಗಾಳಿ ಭಾರವಾಗಿ ನೀರಿನಂತೆ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೋಡ ಕವಿದ, ಗಾಳಿ ಬೀಸುವ ಇನ್ನೊಂದು ರಾತ್ರಿ ಕಟ್ಟಿದಾಗ ಎರಡೂ ಹೆಚ್ಚುಕಡಿಮೆ ಒಂದೇ. ನಾಲ್ಕು ಡಿಗ್ರಿ ಅಂದರೆ ಸಣ್ಣ ಮಾತಲ್ಲ, ಅದಕ್ಕೆ ಬೇಕಾಗುವ ದಪ್ಪ ಬ್ಯಾಗಿಗೆ ಎಷ್ಟು ಸುರಿಯಬೇಕು ಅಂತ ನಿಮಗೇ ಗೊತ್ತು. ನಾನು ಅರವತ್ತು ಮೀಟರ್ ಹತ್ತಿ ಪುಕ್ಕಟೆ ಪಡೆದೆ. ಹಳೇ ಬ್ಯಾಗುಗಳೇ ಇವೆ, ಮಕ್ಕಳ ಕೆಳಗೆ ಎರಡೆರಡು ಫೋಮ್ ಮ್ಯಾಟ್ ಹಾಸುತ್ತೇನೆ. ಮ್ಯಾಟು ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ, ಆರ್ ವ್ಯಾಲ್ಯೂ, ಒಂದಕ್ಕೊಂದು ಕೂಡುತ್ತದೆ, ಎರಡು ಎರಡು ನಾಲ್ಕು.

ಚಳಿಯಲ್ಲಿ ಸ್ಟವ್ ಕೈಕೊಟ್ಟದ್ದೂ ಉಂಟು. ಬರೀ ಬ್ಯುಟೇನ್ ಅನಿಲ ತುಂಬಿದ ಅಗ್ಗದ ಕ್ಯಾನಿಸ್ಟರ್, ಅಂದರೆ ಪುಟ್ಟ ಗ್ಯಾಸ್ ಡಬ್ಬಿ, ತಂದಿದ್ದೆ. ಅದು ಕುದಿಯುವುದೇ ಸೊನ್ನೆಗೆ ಅರ್ಧ ಡಿಗ್ರಿ ಕೆಳಗೆ. ಅಂಥ ಬೆಳಿಗ್ಗೆ ಒಳಗಿರುವುದು ಆವಿಯಾಗಬೇಕಲ್ಲ! ಅರ್ಧ ಗಂಟೆ ಜಾಕೆಟ್ಟಿನೊಳಗೆ ಇಟ್ಟುಕೊಂಡು ಮೈಶಾಖ ಕೊಟ್ಟ ಮೇಲೆ ಹೊತ್ತಿತು. ಈಗ ಎಂಥ ಚಳಿಯಲ್ಲೂ ಸುಲಭವಾಗಿ ಆವಿಯಾಗುವ ಪ್ರೊಪೇನ್ ಬೆರೆತದ್ದೇ ತರುವುದು.

ಮಳೆಗಾಲ ಕಲಿಯಲು ನನಗೆ ಹೆಚ್ಚು ದಿನ ಹಿಡಿಯಿತು. ಈಗಿನ ನಾಲ್ಕು ಜನರ ಟೆಂಟ್ ಒಣಗಿದ್ದಾಗ 3.9 ಕೆಜಿ, ನೆನೆದ ಮೇಲೆ ತೂಗಿದರೆ 5.3. ಆ ಹೆಚ್ಚಿನ ನೀರನ್ನು ಯಾರೋ ಹೊರಬೇಕು. ಒಳಗೂ ಹನಿ. ಸೋರುತ್ತಿದೆ ಅಂತ ಹೊಲಿಗೆಗೆಲ್ಲ ನೀರು ತಡೆಯುವ ಸೀಲರ್ ಬಳಿದು ದುಡ್ಡು ದಂಡ ಮಾಡಿದೆ. ಆಮೇಲೆ ಮಳೆಯಿಲ್ಲದ ರಾತ್ರಿಯೂ ಹನಿ ಬಿದ್ದಾಗ ಅರ್ಥವಾಯಿತು, ಅದು ನಮ್ಮದೇ ಉಸಿರು. ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರು ತಣ್ಣನೆ ಬಟ್ಟೆಗೆ ತಾಗಿ ನೀರಾಗುತ್ತದೆ. ಮಕ್ಕಳಿಗೆ ಗಾಳಿ ತಾಗಬಾರದು ಅಂತ ನಾನೇ ಟೆಂಟಿನ ಗಾಳಿಕಿಂಡಿ, ಅಂದರೆ ವೆಂಟ್, ಮುಚ್ಚುತ್ತಿದ್ದೆ. ಈಗ ಎಷ್ಟೇ ಮಳೆ ಬರಲಿ, ವೆಂಟ್ ತೆರೆದೇ ಇರುತ್ತದೆ. ನೆನೆದ ಟೆಂಟನ್ನು ಹೊರಡುವ ಮುಂಚೆ ಇಪ್ಪತ್ತೇ ನಿಮಿಷದಲ್ಲಿ ಅರ್ಧದಷ್ಟು ಒಣಗಿಸುವ ಉಪಾಯವೊಂದಿದೆ. ಅದನ್ನು ಮೈದುನನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ನೀರಿನದೊಂದೇ ಚಿಂತೆ. ಮೂರನೇ ಬೇಸಿಗೆಯಲ್ಲಿ ತೊರೆ ಒಂದು ಬಾನಿಯಷ್ಟು ಗುಂಡಿಯಾಗಿತ್ತು. ಹಿಂದಿನ ಎರಡು ಸಲ ಯಾವ ಬಂಡೆಯ ಕೆಳಗೆ ಕೊನೆಯ ನೀರು ನಿಂತಿತ್ತು ಅಂತ ನೋಟ್‌ಬುಕ್ಕಿನಲ್ಲಿ ಇದ್ದದ್ದರಿಂದ ಸಿಕ್ಕಿತು, ಸೋಸಿ ಒಂದು ನಿಮಿಷ ಚೆನ್ನಾಗಿ ಕುದಿಸಿ ಕುಡಿದೆವು. ಹೊಸ ಜಾಗವಾಗಿದ್ದರೆ ಒಬ್ಬೊಬ್ಬರೂ ಇನ್ನೆರಡು ಲೀಟರ್, ಅಂದರೆ ಇನ್ನೆರಡು ಕೆಜಿ ಹೊರಬೇಕಾಗುತ್ತಿತ್ತು.

ಮಕ್ಕಳಿಗೆ ಬೇಜಾರಾಯಿತೇ? ಎಂಟನೇ ಸಲ ಎರಡನೇ ತಿರುವಿನ ದೊಡ್ಡ ಬಂಡೆಯ ಹತ್ತಿರ ಮಗ ನಿಂತ. ಬಿರುಕಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ನಾಲಿಗೆ ಕಚ್ಚಿಕೊಂಡು ತಡಕಾಡಿ ಒಂದು ಕೋಲು ಎಳೆದ. ಹಿಂದಿನ ಸಲ ಅವನೇ ಬಚ್ಚಿಟ್ಟಿದ್ದ ಊರುಗೋಲು. ತುದಿಗೆ ಬಿಳೀ ಬೂಷ್ಟು ಹಿಡಿದಿತ್ತು. ಪ್ಯಾಂಟಿಗೆ ಒರೆಸಿ "ನಂದೇ" ಅಂದು ಮುಂದೆ ನಡೆದ, ಆಮೇಲೆ ಒಂದು ಸಲವೂ ಎತ್ತಿಕೋ ಅನ್ನಲಿಲ್ಲ. ಮೊದಲೆಲ್ಲ ಕೊನೇ ಏರಿನಲ್ಲಿ ಅವನನ್ನು ಹತ್ತಿಸಲು ಒಂದು ಆಟ ಹೂಡಬೇಕಾಗುತ್ತಿತ್ತು. ಆ ಆಟವೂ ನನ್ನ ಗುಟ್ಟುಗಳಲ್ಲೊಂದು. ಈಗ ಅವನಿಗೆ 8, ನಮ್ಮ ಗುಣಕ ಚಳಿಯಲ್ಲಿ 1.6ಕ್ಕೆ ಇಳಿದಿದೆ, ತಡ ಮಾಡುವವಳು ನಾನೇ.

ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ಮೊದಲ ವರ್ಷ 100 ಅಂದೆನಲ್ಲ, ಎರಡನೇ ವರ್ಷ 45, ಟೆಂಟ್ ಬದಲಿಸಿದ್ದಕ್ಕೆ. ಮೂರನೆಯದು 20ರ ಹತ್ತಿರ, ನಾಲ್ಕನೆಯದೂ ಅಷ್ಟೇ. ಅದೂ ವರ್ಷಕ್ಕೆ ಮೂರು, ನಾಲ್ಕು ಸಲ ಹೋಗಿ. ನಡುವೆ ಚಾರಣದ ಕೋಲು, ಮಡಚುವ ಕುರ್ಚಿ ಅಂತ ಒಂದೆರಡು ಸಲ ಕೈ ಜಾರಿದ್ದುಂಟು.

ಮೊನ್ನೆ ಮೈದುನ ಬಂದು ನೋಟ್‌ಬುಕ್ ಕೇಳಿದ, ಅವನೂ ಒಂದು ಗುಡ್ಡ ಗೊತ್ತು ಮಾಡಿಕೊಂಡಿದ್ದಾನಂತೆ. "ಗುಣಕ ನಿಮ್ಮದೇ ಹಾಕ್ಕೋತೀನಿ ಅತ್ತಿಗೆ" ಅಂದ. ಅವನ ಕಿರಿಯವಳಿಗೆ ಇನ್ನೂ ನಾಲ್ಕು ತುಂಬಿಲ್ಲ. ಮೊದಲು ಮೂರು ಅಂತ ಬರೆದುಕೋ, ಆಮೇಲೆ ನೋಡೋಣ ಅಂದೆ. ನೋಟ್‌ಬುಕ್ ಕೊಟ್ಟೆ, ಹಿಂದಿನ ಎರಡು ಹಾಳೆ ಕಿತ್ತಿಟ್ಟುಕೊಂಡು.