ಚಿಕ್ಕ ಪಟ್ಟಿ ಕಟ್ಟಿ ನೋಡಿದ ಮೇಲೆ

ಒಂಬತ್ತು ವರ್ಷದ ಹುಡುಗಿ. ತಲೆನೋವು ಅಂತ ಮೂರು ಸಲ ಬಂದಿದ್ದಳು. ಕಣ್ಣು ತೋರಿಸಿ ಅಂತ ಕಳಿಸಿದ್ದು ನಾನೇ. ಬಿಪಿನೂ ನೋಡಿದ್ದೆ, ಸರಿಯಾಗೇ ಇತ್ತು. ಆದರೆ ಆ ಕಡ್ಡಿಯಂಥ ತೋಳಿಗೆ ನಾನು ಕಟ್ಟಿದ್ದು ದೊಡ್ಡವರ ಪಟ್ಟಿ. ಪಟ್ಟಿ ದೊಡ್ಡದಾದರೆ ಬಿಪಿ ಇರೋದಕ್ಕಿಂತ ಕಡಿಮೆ ತೋರಿಸುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ನಾಲ್ಕನೇ ಸಲ ಮಕ್ಕಳ ಪಟ್ಟಿ ತರಿಸಿದೆ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟಾದರೂ ಇರಬೇಕು, ಅಷ್ಟೇ ಲೆಕ್ಕ. ಐದು ನಿಮಿಷ ಸುಮ್ನೆ ಕೂರಿಸಿ ಬಲತೋಳಿಗೆ ಕಟ್ಟಿದೆ. 138/92. ಅವಳ ವಯಸ್ಸು, ಎತ್ತರಕ್ಕೆ ಮೇಲಿನದು 115ರ ಆಸುಪಾಸು ದಾಟಿದರೇ ಜಾಸ್ತಿ. ಇನ್ನೆರಡು ಸಲ ನೋಡಿದೆ, ಇಳಿಯಲಿಲ್ಲ.

ಚಿಕ್ಕ ಮಕ್ಕಳಿಗೆ ಇಷ್ಟು ಬಿಪಿ ಅಂದರೆ ನನ್ನ ಕಣ್ಣು ಮೊದಲು ಹೋಗೋದು ಕಿಡ್ನಿ ಕಡೆಗೆ. ಸ್ಕ್ಯಾನ್‌ನಲ್ಲಿ ಎಡಗಿಡ್ನಿ ಇರಲೇ ಇಲ್ಲ. ಬಲಗಿಡ್ನಿಗೆ ಮೂತ್ರ ವಾಪಸ್ ನುಗ್ಗಿ ಅಲ್ಲಲ್ಲಿ ಕಲೆ ಬಿದ್ದಿತ್ತು. ಬಿಪಿ ಏರಿಸಿದ್ದು ಆ ಕಲೆಗಳೇ. ಇರೋದು ಒಂದೇ ಕಿಡ್ನಿ, ಹಾಗಾಗಿ ಅದರ ರಕ್ತನಾಳ ಕಿರಿದಾಗಿಲ್ಲ ಅಂತ ರಕ್ತದ ಹರಿವು ತೋರಿಸೋ ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಿಕೊಂಡೇ ಎನಾಲಪ್ರಿಲ್ ಅನ್ನೋ ಬಿಪಿ ಔಷಧ ಶುರು ಮಾಡಿದೆವು. ಒಂದು ವಾರ ಬಿಟ್ಟು ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ಹೇಳೋದು), ಪೊಟ್ಯಾಸಿಯಂ ಮತ್ತೆ ನೋಡಿದೆವು.

ಆಮೇಲೆ ಗರ್ಭಕೋಶದ ಮಾತು ತೆಗೆದೆ. ತಾಯಿ ಗಾಬರಿಯಾದರು. "ತಲೆನೋವಿಗೂ ಅದಕ್ಕೂ ಏನು ಡಾಕ್ಟ್ರೇ ಸಂಬಂಧ?"

"ನೋಡಮ್ಮ, ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಕಿಡ್ನಿಗೂ ಗರ್ಭಕೋಶಕ್ಕೂ ದಾರಿ ತೋರಿಸೋದು ಒಂದೇ ನಾಳ. ಅದು ಒಂದು ಕಡೆ ಎಡವಿದರೆ ಎರಡೂ ಕೆಡಬಹುದು."

ಈ ವಯಸ್ಸಲ್ಲಿ ಗರ್ಭಕೋಶ ಬೆರಳಷ್ಟಿರುತ್ತದೆ, ಸ್ಕ್ಯಾನ್ ನಂಬೋ ಹಾಗಿಲ್ಲ. ಎದೆ ಬೆಳೆಯಲು ಶುರುವಾದಾಗ ಮತ್ತೆ ಮಾಡಿಸಿ ಅಂತ ಫೈಲ್ ಮೇಲೆ ಕೆಂಪು ಪೆನ್ನಲ್ಲಿ ಬರೆದೆ.

ಎರಡು ವರ್ಷದ ನಂತರ ಮಾಡಿಸಿದರು. ಗರ್ಭಕೋಶ ಎರಡು, ಎಡಗಡೆಯದರ ದಾರಿ ಕೆಳಗೆ ಒಂದು ಅಡ್ಡಪೊರೆಯಿಂದ ಮುಚ್ಚಿತ್ತು. ಇದರಲ್ಲಿ ಮೋಸವಾಗೋದೇ ಇಲ್ಲಿ: ಬಲಗಡೆಯಿಂದ ಮುಟ್ಟು ಸರಿಯಾಗಿ ಬರುತ್ತದೆ, ಎಡಗಡೆ ರಕ್ತ ಒಳಗೇ ತುಂಬುತ್ತದೆ. ನೋವು ಅಂದರೆ "ಎಲ್ಲರಿಗೂ ಇರುತ್ತೆ" ಅಂತ ಮನೆಯಲ್ಲಿ ಕಷಾಯ ಕುಡಿಸುತ್ತಾರೆ, ಅಲ್ವಾ?

ಈ ತಾಯಿ ಕುಡಿಸಲಿಲ್ಲ. ಮಗಳು ಮೈನೆರೆದು ಎರಡನೇ ತಿಂಗಳು ನೋವು ಅಂದ ದಿನವೇ ಕರೆತಂದರು, ಕೈಯಲ್ಲಿ ಅದೇ ಫೈಲು. ಅಡ್ಡಪೊರೆ ಕತ್ತರಿಸಿ ದಾರಿ ಮಾಡಿದರು. ಆಪರೇಷನ್‌ಗೆ ಮೊದಲು ಬಿಪಿ ನೋಡಲು ಬಂದ ನರ್ಸ್‌ಗೆ ಹುಡುಗಿ ಕೇಳಿದಳಂತೆ, "ಇದು ನನ್ನ ಸೈಜಿನ ಪಟ್ಟಿನೇ ತಾನೆ?"