ಉಡುಪಿಯ 576101: ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ಸಾಧಿಸಿದ ಬಗೆ

ಮಂಗಳೂರು ಪ್ರಧಾನ ಅಂಚೆ ಕಚೇರಿಯ ಪಿನ್ 575001. ಅಂಕಿಗಳನ್ನು ಕೂಡಿದರೆ 18, ಹಾಗಾಗಿ 9ರಿಂದ ಭಾಗವಾಗುತ್ತದೆ. ಉಳಿದ 63889 ಏಳರ ಮಗ್ಗಿಗೆ ಸಿಗುತ್ತದೆ. 9 × 7 × 9127, ಕೊನೆಯದು ಅವಿಭಾಜ್ಯ. ಮಣಿಪಾಲದ 576104 ಸಮಸಂಖ್ಯೆ. ಉಡುಪಿಯ 576101 ಮಾತ್ರ ಯಾವುದಕ್ಕೂ ಬಗ್ಗುವುದಿಲ್ಲ. ಅದರ ವರ್ಗಮೂಲ 759ಕ್ಕಿಂತ ತುಸು ಹೆಚ್ಚು. ನೇರವಾಗಿ ಹೋದರೆ 757ರವರೆಗಿನ 134 ಅವಿಭಾಜ್ಯಗಳಿಂದಲೂ ಭಾಗಿಸಬೇಕು. ನಡುವೆ ಒಂದು ಶೇಷ ತಪ್ಪಿದರೂ ಗೊತ್ತಾಗದು. ನಾನು ಹಿಡಿದದ್ದು ಇಂಗ್ಲಿಷ್ ಗಣಿತಜ್ಞ ಪಾಕ್ಲಿಂಗ್ಟನ್ 1914ರಲ್ಲಿ ತೋರಿಸಿದ ದಾರಿ.

ಮೊದಲು ಒಂದು ಕಳೆದು ಒಡೆಯಬೇಕು: 576100 = 2² × 5² × 7 × 823. 823 ಅವಿಭಾಜ್ಯ, ಅದೂ 759ಕ್ಕಿಂತ ದೊಡ್ಡದು. ಇಡೀ ಸಾಧನೆ ನಿಂತಿರುವುದು ಇದರ ಮೇಲೆ.

ಇನ್ನು 2ರ 576100ನೇ ಘಾತವನ್ನು 576101ರಿಂದ ಭಾಗಿಸಿದಾಗಿನ ಶೇಷ ಬೇಕು; 576101 ಅವಿಭಾಜ್ಯವಾದರೆ ಫರ್ಮಾ ಪ್ರಮೇಯದಂತೆ ಅದು 1 ಆಗಲೇಬೇಕು. ಘಾತವನ್ನು ಅರ್ಧ ಮಾಡುತ್ತ, ಭಿನ್ನ ಬಿಡುತ್ತ ಇಳಿಯಿರಿ: 288050, 144025, 72012... ಕೊನೆಗೆ 35, 17. 2¹⁷ = 131072. ಅಲ್ಲಿಂದ ಮೇಲೇರುವಾಗ ಪ್ರತಿ ಮೆಟ್ಟಿಲಲ್ಲಿ ವರ್ಗ ಮಾಡಿ, ಬೆಸ ಘಾತವಿದ್ದಲ್ಲಿ ಇಮ್ಮಡಿಸಿ, 576101ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು. ಶೇಷ ಅರ್ಧ ದಾಟಿದರೆ 576101 ಕಳೆದು ಋಣಸಂಖ್ಯೆ ಮಾಡಿಕೊಳ್ಳಿ. ಆಗ ವರ್ಗ 11 ಅಂಕಿ ಮೀರದು, ಅಂಗಡಿಯ 12 ಅಂಕಿಯ ಕ್ಯಾಲ್ಕುಲೇಟರ್ ಸಾಕು. 10 ಅಂಕಿಯದರಲ್ಲಿ ಕೊನೆಯ ಅಂಕಿಗಳೇ ಹಾರಿಹೋಗುತ್ತವೆ, ಶೇಷಕ್ಕೆ ಬೇಕಾದದ್ದೇ ಅವು. ಪ್ರೋಗ್ರಾಂ ಬರೆಯುವವರಿಗೂ 32 ಬಿಟ್ ಸಾಲದು, 64 ಬೇಕು.

ಪ್ರತಿ ವರ್ಗವನ್ನೂ 9ರ ಶೇಷದಿಂದ ತಾಳೆ ನೋಡಿ. ಅಷ್ಟಕ್ಕೇ ಬಿಡಬೇಡಿ: 254899 ಬರೆಯುವಲ್ಲಿ 245899 ಬರೆದರೆ 9ಕ್ಕೆ ತಿಳಿಯದು, 11ರ ತಾಳೆಗೆ ಸಿಕ್ಕಿಬೀಳುತ್ತದೆ.

144025ನೇ ಘಾತಕ್ಕೆ ಶೇಷ −151888. ಅದರ ವರ್ಗ 23069964544. ಇತ್ತ 576101 × 40045 = 23069964545. ಒಂದೇ ಒಂದು ಕಡಿಮೆ! ಅಂದರೆ 288050ನೇ ಘಾತಕ್ಕೆ ಶೇಷ −1, 576100ನೆಯದಕ್ಕೆ 1. ಹದಿನಾಲ್ಕು ವರ್ಗಗಳಾಚೆ ಈ −1 ಬಂದರೆ ನಡುವಿನ ಲೆಕ್ಕವೂ ಸರಿಯೆಂದು ನಂಬಬಹುದು.

ಇಲ್ಲಿಗೇ ನಿಲ್ಲಿಸುವುದು ತಪ್ಪು. 2³⁴⁰ನ್ನು 341ರಿಂದ ಭಾಗಿಸಿದರೂ ಶೇಷ 1, ಆದರೆ 341 = 11 × 31. ಆದ್ದರಿಂದ 576100 ÷ 823 = 700, ಆ ಘಾತವನ್ನೂ ನೋಡಬೇಕು. 2¹⁴⁰ರ ಶೇಷ 254899 ಏಣಿಯಲ್ಲೇ ಸಿಕ್ಕಿರುತ್ತದೆ; ಅದರ ಐದನೇ ಘಾತಕ್ಕೆ ಶೇಷ 77737. ಒಂದು ಕಳೆದರೆ 77736 = 2³ × 3 × 41 × 79. ಈ ನಾಲ್ಕರಲ್ಲಿ ಯಾವುದೂ 576101ನ್ನು ಭಾಗಿಸದು.

576101 ಒಡೆಯುವುದಾದರೆ 759 ಮೀರದ ಅವಿಭಾಜ್ಯ ಅಪವರ್ತನ ಒಂದಿರಲೇಬೇಕು, ‘ಪ’ ಎನ್ನೋಣ. ‘ಪ’ದಿಂದ ಭಾಗಿಸಿದಾಗ 2⁷⁰⁰ಕ್ಕೆ ಶೇಷ 1 ಅಲ್ಲ, ಅದರ 823ನೇ ಘಾತಕ್ಕೆ 1. 823 ಅವಿಭಾಜ್ಯವಾದ್ದರಿಂದ ನಡುವೆ ಎಲ್ಲೂ 1 ಬರುವಂತಿಲ್ಲ. ಫರ್ಮಾ ಪ್ರಮೇಯದಂತೆ ಆಗ 823, ಪ−1ನ್ನು ಭಾಗಿಸಬೇಕು. ಪ ಕಡಿಮೆಯೆಂದರೂ 824 ಆಗಬೇಕು. 759ರೊಳಗೆ ಅಂಥ ‘ಪ’ ಇಲ್ಲ.